ನೌಕರಿಗೆ ಗಂಟುಬಿದ್ದ ವಿಮೆ

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಕೆಲಸ ಹೋಯಿತೆಂದರೆ, ಸಂಬಳದ ಬೆನ್ನಿಗೇ ವಿಮೆಯ ಚಿಂತೆ ಏಳುತ್ತದೆ. ಕಾಯಿಲೆಗೂ ನೌಕರಿಗೂ ಈ ಗಂಟು ಹಾಕಬೇಕೆಂದು ಅಲ್ಲಿ ಯಾರೂ ಕೂತು ಯೋಜಿಸಿರಲಿಲ್ಲ. ಕಂಪನಿ, ಕಾರ್ಮಿಕ ಸಂಘ, ಸರ್ಕಾರ ಮೂವರೂ ಆಯಾ ಹೊತ್ತಿನ ಇಕ್ಕಟ್ಟಿಗೆ ದಾರಿ ಹುಡುಕುತ್ತ ಹೋದಂತೆ ಅದು ಬಿಗಿಯಾಯಿತು.

1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟ್ ಪಡೆದು, ವರ್ಷಕ್ಕೆ 21 ದಿನ ಒಳರೋಗಿಯಾಗಿ ನೋಡಿಕೊಳ್ಳುವ ಭರವಸೆ ಕೊಟ್ಟಿತು. ಬ್ಲೂ ಕ್ರಾಸ್ ಎಂಬ ಆಸ್ಪತ್ರೆ ವಿಮೆ ಯೋಜನೆಗಳ ಮೂಲ ಅದೇ. ನಿಜವಾದ ತಿರುವು ಬಂದದ್ದು ಯುದ್ಧಕಾಲದಲ್ಲಿ. ಬೆಲೆಯೇರಿಕೆ ತಡೆಯಲು 1942ರ ಅಕ್ಟೋಬರ್‌ನಲ್ಲಿ ಮಾಡಿದ ಕಾನೂನು ಸಂಬಳಕ್ಕೆ ಕಡಿವಾಣ ಹಾಕಿತು, ಆದರೆ ಮಿತಿಯೊಳಗಿನ ವಿಮೆ, ಪಿಂಚಣಿಯನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಆಳು ಸಿಗದೆ ಒದ್ದಾಡುತ್ತಿದ್ದ ಕಾರ್ಖಾನೆಗಳಿಗೆ ಅಷ್ಟು ಸಂದು ಸಾಕಾಯಿತು. ಕಂಪನಿ ಕಟ್ಟುವ ಕಂತಿಗೆ ನೌಕರ ತೆರಿಗೆ ಕೊಡಬೇಕಿಲ್ಲ ಎಂಬುದು 1954ರ ತೆರಿಗೆ ಕಾನೂನಿನಲ್ಲಿ ಗಟ್ಟಿಯಾಯಿತು.

ಬೇರೆ ದಾರಿಯೂ ಇತ್ತು. 1945ರ ನವೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆ ಬೇಕೆಂದು ಕಾಂಗ್ರೆಸ್ಸಿಗೆ ಸಂದೇಶ ಕಳಿಸಿದರು. ವೈದ್ಯರ ಸಂಘ ಸದಸ್ಯರಿಗೆ ತಲಾ 25 ಡಾಲರ್ ವಂತಿಗೆ ಹಾಕಿ ವಿರೋಧಕ್ಕಿಳಿಯಿತು. ಶೀತಲ ಸಮರದ ಆ ದಿನಗಳಲ್ಲಿ ಸಮಾಜವಾದವೆಂಬ ಹಣೆಪಟ್ಟಿ ಅಂಟಿದ ಮೇಲೆ ಮಸೂದೆ ಮೇಲೇಳಲಿಲ್ಲ.

ಕಾರ್ಮಿಕ ಸಂಘಗಳು ಅದಕ್ಕಾಗಿ ಕಾದು ಕೂರಲಿಲ್ಲ. 1946ರಲ್ಲಿ ಜಾನ್ ಎಲ್. ಲೂಯಿಸ್ ನಾಯಕತ್ವದಲ್ಲಿ ಕಲ್ಲಿದ್ದಲು ಗಣಿಗಳವರು ಮುಷ್ಕರ ಹೂಡಿದಾಗ ಸರ್ಕಾರ ಗಣಿಗಳನ್ನೇ ವಶಕ್ಕೆ ತೆಗೆದುಕೊಂಡು, ತೆಗೆದ ಪ್ರತಿ ಟನ್ನಿಗೆ 5 ಸೆಂಟ್ ಕ್ಷೇಮನಿಧಿಗೆ ಸೇರಲಿ ಎಂದು ಒಪ್ಪಿತು. ಆ ಒಪ್ಪಂದದಂತೆಯೇ ನೌಕಾಪಡೆಯ ಅಧಿಕಾರಿ ಜೋಯೆಲ್ ಬೂನ್ ಅವರ ತಂಡ ಗಣಿಗಾರರ ಆರೋಗ್ಯದ ಸ್ಥಿತಿ ನೋಡಲು ಗಣಿ ಊರುಗಳನ್ನು ಸುತ್ತಿತು. ರಸೆಲ್ ಲೀ ಆಗ ತೆಗೆದ ಛಾಯಾಚಿತ್ರಗಳನ್ನು ನೋಡಬೇಕು. ಮಸಿ ಮೆತ್ತಿದ ಮುಖದ ಗಂಡಸರು, ಬಕೆಟ್ಟಿನಲ್ಲಿ ನೀರು ಹೊರುವ ಮಕ್ಕಳು, ಕಂಪನಿ ಕಟ್ಟಿಸಿದ ಹಲಗೆ ಮನೆಗಳು. 1956ರಲ್ಲಿ ಆ ನಿಧಿಯ ಹಣದಿಂದ ಕೆಂಟಕಿ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವೆ ಹತ್ತು ಆಸ್ಪತ್ರೆಗಳು ಬಾಗಿಲು ತೆರೆದವು. ಎಷ್ಟು ದೊಡ್ಡ ಕೆಲಸ! ಆದರೆ ಕಲ್ಲಿದ್ದಲಿನ ಬೇಡಿಕೆ ಕುಸಿದಾಗ ನಿಧಿಯೂ ಬತ್ತಿತು. ಹತ್ತು ವರ್ಷ ತುಂಬುವ ಮೊದಲೇ ಆಸ್ಪತ್ರೆಗಳು ಸಂಘದ ಕೈಬಿಟ್ಟವು. ಇಡೀ ವ್ಯವಸ್ಥೆಯ ದೌರ್ಬಲ್ಯ ನನಗೆ ಕಾಣುವುದು ಇಲ್ಲೇ: ಜನರ ಆರೋಗ್ಯ ಒಂದು ಸರಕಿನ ಮಾರಾಟಕ್ಕೆ ಜೋತುಬಿದ್ದಿತ್ತು.

ಮೋಟಾರು ಉದ್ಯಮದ ಮಾದರಿ ಹೆಚ್ಚು ದೂರ ಹಬ್ಬಿತು. 1950ರ ಮೇನಲ್ಲಿ ಜನರಲ್ ಮೋಟಾರ್ಸ್ ಮತ್ತು ವಾಲ್ಟರ್ ರೂಥರ್ ಅವರ ಸಂಘ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದವು. ತುಟ್ಟಿಭತ್ಯೆ, ಪಿಂಚಣಿ, ಆಸ್ಪತ್ರೆ ವಿಮೆ ಮೂರೂ ಅದರಲ್ಲಿದ್ದವು. ‘ಫಾರ್ಚೂನ್’ ಪತ್ರಿಕೆ ಇದನ್ನು ಡೆಟ್ರಾಯಿಟ್ ಒಪ್ಪಂದವೆಂದು ಕರೆಯಿತು. ಈ ಹೊರೆ ಭಾರವಾದರೆ ಕಂಪನಿಗಳೇ ಸರ್ಕಾರಿ ವಿಮೆ ಕೇಳಿಯಾವು ಎಂಬ ಆಸೆ ರೂಥರ್ ಅವರಿಗಿತ್ತು. ಕಂಪನಿಗಳು ಕೇಳಲಿಲ್ಲ. ಗಟ್ಟಿ ಸಂಘವಿಲ್ಲದ ಹೊಲದ ಕೂಲಿಗಳು, ಮನೆಗೆಲಸದ ಹೆಂಗಸರು ಹೊರಗೇ ಉಳಿದರು.

1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ 81 ವರ್ಷದ ಟ್ರೂಮನ್ ಅವರ ಊರಿಗೇ ಹೋಗಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಕಾನೂನಿಗೆ ಸಹಿ ಹಾಕಿದರು. ಮೊದಲ ಕಾರ್ಡು ಟ್ರೂಮನ್ ಕೈ ಸೇರಿತು. ಆದರೆ ಆ ಯೋಜನೆ ಆಗ ಇದ್ದದ್ದು 65 ತುಂಬಿದವರಿಗೆ. ಉಳಿದವರ ಗಂಟು ಹಾಗೇ ಇತ್ತು.

ಪಿಂಚಣಿಯ ಪಾಡು ಇನ್ನೂ ಕಹಿ. 1963ರ ಡಿಸೆಂಬರ್‌ನಲ್ಲಿ ಸ್ಟೂಡ್‌ಬೇಕರ್ ಕಂಪನಿ ಸೌತ್ ಬೆಂಡ್‌ನಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಅರವತ್ತು ದಾಟಿದ ಹಳಬರಿಗೆ ಪಿಂಚಣಿ ಸಿಕ್ಕಿತು. ನಲವತ್ತರಿಂದ ಐವತ್ತೊಂಬತ್ತರೊಳಗಿನ ಸುಮಾರು 4,000 ಮಂದಿಗೆ ಸಿಕ್ಕಿದ್ದು ಸಲ್ಲಬೇಕಾದುದರ ಸುಮಾರು ಶೇಕಡಾ 15. ಕಿರಿಯರಿಗೆ ಏನೂ ಇಲ್ಲ. ಅವರ ದೂರು ಕಾನೂನಾಗಲು ಹನ್ನೊಂದನೆಯ ವರ್ಷ ಬರಬೇಕಾಯಿತು. 1974ರ ಆ ಕಾಯ್ದೆಯೂ ಯಾವ ಕಂಪನಿಗೂ ಪಿಂಚಣಿ ಕೊಡಲೇಬೇಕೆನ್ನಲಿಲ್ಲ. ಕೊಡುತ್ತೇನೆಂದು ಮಾತು ಕೊಟ್ಟ ಮೇಲೆ ಅದಕ್ಕೆ ತಕ್ಕ ಹಣ ತೆಗೆದಿಡು ಎಂದಿತು.