ನೋವಿಗೆ ಮಿದುಳು ಹಾಕುವ ತಡೆ

ಗಾಯವು ದೊಡ್ಡದಾದಷ್ಟೂ ನೋವು ದೊಡ್ಡದಾಗುವುದೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ವೈದ್ಯಶಾಸ್ತ್ರವೂ ಬಹುಕಾಲ ಹೀಗೆಯೇ ನಂಬಿತ್ತು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ತತ್ತ್ವಜ್ಞಾನಿ ಡೆಕಾರ್ಟನು, ಹಗ್ಗದ ತುದಿಯನ್ನೆಳೆದಾಗ ಗಂಟೆಯು ಮೊಳಗುವಂತೆ, ಕಾಲಿಗೆ ತಾಗಿದ ಬೆಂಕಿಯು ನರದ ಮೂಲಕ ಮಿದುಳನ್ನು ಎಚ್ಚರಿಸುವುದೆಂದು ವಿವರಿಸಿದನು. ಈ ಉಪಮಾನದಲ್ಲಿ, ಏರಿ ಬರುವ ನೋವನ್ನು ಮಿದುಳೇ ತಡೆಯಬಹುದೆಂಬುದಕ್ಕೆ ಎಡೆಯಿಲ್ಲ.

ಈ ನಂಬಿಕೆಯನ್ನು ಅಲುಗಿಸಿದುದು ರಣರಂಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವೈದ್ಯರಾದ ಹೆನ್ರಿ ಬೀಚರ್ ಅವರು ತೀವ್ರವಾಗಿ ಗಾಯಗೊಂಡಿದ್ದ ೨೧೫ ಮಂದಿ ಸೈನಿಕರನ್ನು ವಿಚಾರಿಸಿ, ಫಲಿತಾಂಶವನ್ನು ೧೯೪೬ರಲ್ಲಿ ಪ್ರಕಟಿಸಿದರು. ನೋವಿಗೆ ಮದ್ದು ಬೇಕೆಂದವರು ಸುಮಾರು ಕಾಲುಭಾಗ ಮಾತ್ರ. ಉಳಿದವರ ನರಗಳು ಮರಗಟ್ಟಿದ್ದುವೇ? ಇಲ್ಲ, ಸೂಜಿಯನ್ನು ಒರಟಾಗಿ ಚುಚ್ಚಿದರೆ ಅವರೂ ಎಲ್ಲರಂತೆಯೇ ಪ್ರತಿಭಟಿಸುತ್ತಿದ್ದರು. ಗಾಯವೆಂದರೆ ರಣದಿಂದ ಬಿಡುಗಡೆ. ಆ ಅರ್ಥವೇ ನೋವನ್ನು ಕುಗ್ಗಿಸಿತೆಂದು ಬೀಚರ್ ಅವರು ಊಹಿಸಿದರು.

ಆದರೆ ಅರ್ಥವು ನರವನ್ನು ಮುಟ್ಟುವ ದಾರಿ ಯಾವುದು? ೧೯೬೪ರಲ್ಲಿ ಚೀನಾದ ಇಬ್ಬರು ವಿಜ್ಞಾನಿಗಳು, ಮೊಲಗಳ ಮಿದುಳಿನ ಒಂದು ಸಣ್ಣ ಪ್ರದೇಶಕ್ಕೆ ಅತ್ಯಲ್ಪ ಮಾರ್ಫೀನನ್ನು ಸೇರಿಸಿದರೆ ಸಾಕು, ನೋವು ಶಮನವಾಗುವುದೆಂದು ತೋರಿಸಿದರು. ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ದ್ರವವು ಹರಿಯುವ ಸಣ್ಣ ನಾಳವೊಂದಿದೆ. ಅದನ್ನು ಸುತ್ತುವರಿದ ಬೂದುಬಣ್ಣದ ಭಾಗವೂ ಆ ಪ್ರದೇಶಕ್ಕೆ ಸೇರಿದ್ದಿತು. ೧೯೬೯ರಲ್ಲಿ ಡೇವಿಡ್ ರೆನಾಲ್ಡ್ಸ್ ಅವರು ಇದೇ ಭಾಗಕ್ಕೆ ವಿದ್ಯುತ್ತನ್ನು ಹಾಯಿಸಿ, ಅರಿವಳಿಕೆಯ ಮದ್ದಿಲ್ಲದೆಯೇ ಇಲಿಗಳ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ೧೯೭೫ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಅವರು, ಮಾರ್ಫೀನಿನಂತೆ ಕೆಲಸಮಾಡುವ ಎನ್ಕೆಫಲಿನ್ ಎಂಬ ಪದಾರ್ಥವನ್ನು ಹಂದಿಯ ಮಿದುಳಿನಿಂದಲೇ ಬೇರ್ಪಡಿಸಿದರು. ಅಫೀಮಿನ ಗಿಡದಲ್ಲಿದ್ದ ಗುಣಕ್ಕೆ ಸಮನಾದುದು ನಮ್ಮೊಳಗೇ ಇದ್ದಿತೆಂದಾಯಿತು.

ಮಾರ್ಗದ ಕ್ರಮ ಇಂತಿದೆ. ಆ ಬೂದುಭಾಗದಿಂದ ಹೊರಟ ಪ್ರೇರಣೆಯು ಮಿದುಳಿನ ಕಾಂಡದ ಕೆಳಭಾಗದ ಕಣಗಳನ್ನು ಸೇರುವುದು; ಅಲ್ಲಿನ ತಂತುಗಳು ಬೆನ್ನುಹುರಿಗಿಳಿದು, ಗಾಯದ ವಾರ್ತೆಯು ಮೇಲೇರುವ ಮೊದಲೇ, ಅದು ಕೈಬದಲಾಯಿಸುವ ಸ್ಥಳದಲ್ಲಿ ಅದನ್ನು ತಗ್ಗಿಸುವುವು. ಭಯ, ಹೋರಾಟಗಳ ಸಮಯದಲ್ಲಿ ಪ್ರಾಣಿಯು ನೋವನ್ನು ಮರೆತು ತಪ್ಪಿಸಿಕೊಳ್ಳಲು ಈ ಏರ್ಪಾಡು ನೆರವಾಗುವುದು. ಆದರೆ ಅದೇ ನೆಲೆಯಲ್ಲಿ ನೋವನ್ನು ಹೆಚ್ಚಿಸುವ ಕಣಗಳೂ ಇವೆ. ಇವುಗಳ ಕೈ ಮೇಲಾದಾಗ, ಗಾಯವು ಮಾಯ್ದರೂ ನೋವು ಉಳಿಯಬಹುದು.

ಆದಕಾರಣ ನೋವನ್ನು ಗಾಯದ ಅಳತೆಯಿಂದ ಅಳೆಯುವುದು ಶಾಸ್ತ್ರಕ್ಕೂ ಒಪ್ಪದು, ನ್ಯಾಯಕ್ಕೂ ಒಪ್ಪದು. ನರಳದ ಸೈನಿಕನನ್ನು ನಾವು ವೀರನೆಂದು ಕೊಂಡಾಡುತ್ತೇವೆ. ಕಣ್ಣಿಗೆ ಕಾಣುವ ಗಾಯವಿಲ್ಲದೆ ನರಳುವ ರೋಗಿಯನ್ನು ನಟನೆಯೆಂದು ಹಳಿಯುತ್ತೇವೆ. ಇಬ್ಬರ ಮಿದುಳಿನಲ್ಲಿಯೂ ಇರುವುದು ಒಂದೇ ಯಂತ್ರ. ನೋವುಂಟೆಂದು ರೋಗಿಯು ಹೇಳಿದಾಗ, ಅದನ್ನು ಮೊದಲು ನಂಬುವುದೇ ನಮ್ಮ ಕರ್ತವ್ಯ.