ದಂಧೆ ಎಂಬ ಬೈಗುಳ

ಬೆಳಗಾವಿ, ಧಾರವಾಡದ ಕಡೆ ‘ದಂಧೆ ಹೆಂಗ ನಡದೈತ್ರಿ?’ ಎಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಅದು ಕಸುಬಿನ ಯೋಗಕ್ಷೇಮ ವಿಚಾರಿಸುವ ಮಾತು. ಮರಾಠಿ, ಹಿಂದಿಯಲ್ಲೂ ಅದು ಹೊಟ್ಟೆಪಾಡಿನ ಕೆಲಸವೇ. ಮೈಸೂರು ಸೀಮೆಗೆ ಇಳಿಯುವಷ್ಟರಲ್ಲಿ ಈ ಪದಕ್ಕೆ ಮಸಿ ಅಂಟಿದೆ. ಪತ್ರಿಕೆಗಳು ಇದನ್ನು ಹೆಚ್ಚಾಗಿ ಪೊಲೀಸ್ ಸುದ್ದಿಗೆ ಮೀಸಲಿಟ್ಟಿವೆ: ಮರಳು ದಂಧೆ, ಗಾಂಜಾ ದಂಧೆ, ಮೀಟರ್ ಬಡ್ಡಿ ದಂಧೆ. ಜನ ಅಷ್ಟಕ್ಕೇ ನಿಲ್ಲಿಸಿಲ್ಲ. ಪರವಾನಗಿ, ರಸೀದಿ, ತೆರಿಗೆ ಎಲ್ಲ ಸರಿಯಿರುವ ಆಸ್ಪತ್ರೆ, ಶಾಲೆಗಳ ಬಗ್ಗೆಯೂ ‘ದಂಧೆ ಮಾಡ್ಕೊಂಡಿದ್ದಾರೆ’ ಎನ್ನುತ್ತಾರೆ. ಅಪರಾಧವೇ ಇಲ್ಲದ ಕಡೆ ಹೀಗನ್ನುವುದು ಬಾಯಿಚಪಲ ಎಂದು ಕೆಲವರ ಆಕ್ಷೇಪ. ನನಗೋ ಈ ಪದ ತನ್ನ ಕೆಲಸವನ್ನು ಸರಿಯಾಗಿ ಮಾಡುವುದೇ ಅಲ್ಲಿ ಎನಿಸುತ್ತದೆ.

ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟನ್ನೇ ನೋಡಿ. 2017ರ ಫೆಬ್ರುವರಿ 13ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟಿಗೆ, ತೆರಿಗೆ ಬಿಟ್ಟು, 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮುಂಚೆ ಅದರ ಸರಾಸರಿ ಬೆಲೆ 1.2 ಲಕ್ಷದ ಆಸುಪಾಸು. ಆಸ್ಪತ್ರೆಗಳು ಇಟ್ಟುಕೊಳ್ಳುತ್ತಿದ್ದ ಲಾಭ ಕೆಲವೆಡೆ ಶೇ 654ರವರೆಗೂ ಇತ್ತೆಂದು ಪ್ರಾಧಿಕಾರವೇ ಲೆಕ್ಕ ತೆಗೆದಿತ್ತು. ಈ ಬೆಲೆ, ಈ ಲಾಭ ಯಾವುದೂ ಕಾನೂನುಬಾಹಿರವಾಗಿರಲಿಲ್ಲ. ಅಚ್ಚಾದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳಿದ್ದರೆ ತಪ್ಪು. ಎಷ್ಟು ಅಚ್ಚು ಹಾಕಬೇಕೆಂಬುದು ಆಗ ಕಂಪನಿಗೆ ಬಿಟ್ಟದ್ದಾಗಿತ್ತು. ಮುನ್ನಾದಿನ ಮರ್ಯಾದಸ್ಥ ವ್ಯಾಪಾರವಾಗಿದ್ದದ್ದು ಮರುದಿನ ನಿಯಮದ ಉಲ್ಲಂಘನೆಯಾಯಿತು. ಸ್ಟೆಂಟ್ ಅದೇ, ರೋಗಿಯೂ ಅವನೇ.

ಒಪ್ಪಿ ಕೊಂಡ ಮೇಲೆ ಅನ್ಯಾಯವೆಲ್ಲಿ ಬಂತು ಎಂದು ಮುಕ್ತ ಮಾರುಕಟ್ಟೆಯವರು ಕೇಳುತ್ತಾರೆ. ಬಟ್ಟೆ ಅಂಗಡಿಯಲ್ಲಿ ಆ ಮಾತು ಸಲ್ಲುತ್ತದೆ. ಚೌಕಾಸಿ ಮಾಡಬಹುದು, ಎದ್ದು ಪಕ್ಕದಂಗಡಿಗೆ ಹೋಗಬಹುದು. ಇಲ್ಲಿ ಸ್ಟೆಂಟ್ ಆರಿಸುವುದು ವೈದ್ಯರು, ಬಿಲ್ ಬರೆಯುವುದು ಆಸ್ಪತ್ರೆ, ಸಹಿ ಹಾಕುವುದು ಹೊರಗೆ ಕಾದು ನಿಂತ ಮಗನೋ ಮಗಳೋ. ಇದಕ್ಕಿಂತ ಗಟ್ಟಿಯಾದ ವಾದವೊಂದಿದೆ: ಬೆಲೆ ಕಟ್ಟಿಹಾಕಿದರೆ ಒಳ್ಳೆಯ ಸರಕು ಮಾರುಕಟ್ಟೆಗೇ ಬರುವುದಿಲ್ಲ. ಮಿತಿ ಬಂದ ಮೇಲೆ ಅಬಾಟ್ ಕಂಪನಿ ತನ್ನ ಕೆಲವು ಸ್ಟೆಂಟ್‌ಗಳನ್ನು ಹಿಂತೆಗೆದುಕೊಳ್ಳಲು ಅನುಮತಿ ಕೇಳಿದ್ದು ನಿಜ. ಹಾಗಾಗಿ ಎಲ್ಲಕ್ಕೂ ಸರ್ಕಾರವೇ ಬೆಲೆ ಕಟ್ಟಲಿ ಎಂದು ನಾನು ಹೇಳಲಾರೆ. ಆದರೆ ಆ ವಾದ ಕಾಯ್ದೆಗೆ ಅಡ್ಡ ಬರಬಹುದೇ ಹೊರತು ಟೀಕೆಗೆ ಅಡ್ಡಿಯಿಲ್ಲ. ‘ಕಾನೂನು ಪ್ರಕಾರವೇ ನಡೆದಿದ್ದೇವೆ’ ಎಂಬ ಉತ್ತರ ಕೋರ್ಟಿಗೆ ಸಾಕು. ಬಿಲ್ ಹಿಡಿದು ಕೌಂಟರಿನ ಮುಂದೆ ನಿಂತವರು ಕೇಳುತ್ತಿರುವುದು ಬೇರೆಯೇ ಪ್ರಶ್ನೆ. ಬೆಲೆ ಮಿತಿಗೆ ದಾರಿ ಮಾಡಿಕೊಡುವ ಅಗತ್ಯ ಔಷಧಗಳ ಪಟ್ಟಿಗೆ ಸ್ಟೆಂಟ್ ಸೇರಿದ್ದು 2016ರ ಜುಲೈನಲ್ಲಿ, ಅದೂ ದೂರು ದೆಹಲಿ ಹೈಕೋರ್ಟಿನ ತನಕ ಹೋದ ಮೇಲೆ. ಅಲ್ಲಿಯವರೆಗೆ ರೋಗಿಯ ಮನೆಯವರ ಕೈಲಿದ್ದದ್ದು ಈ ಬೈಗುಳವೊಂದೇ.