ಎಥ್‌ಪಿಎಂ

ಎಥ್‌ಪಿಎಂ ಎಂಬುದು ಎಥೀರಿಯಂ ಬ್ಲಾಕ್‌ಚೈನ್‌ಗಾಗಿ ಬರೆದ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳನ್ನು ಪ್ಯಾಕೇಜ್ ರೂಪದಲ್ಲಿ ಪ್ರಕಟಿಸಲು, ಹುಡುಕಲು ಹಾಗೂ ಮರುಬಳಸಲು ರೂಪಿಸಲಾದ ಮಾನದಂಡಗಳ ಸಮೂಹ. ‘ಎಥೀರಿಯಂ ಪ್ಯಾಕೇಜ್ ಮ್ಯಾನೇಜರ್’ ಎಂಬುದರ ಹ್ರಸ್ವರೂಪವೇ ಈ ಹೆಸರು. ಸಾಮಾನ್ಯ ಪ್ಯಾಕೇಜ್ ವ್ಯವಸ್ಥೆಯಲ್ಲಿ ಒಂದೇ ಸಂಸ್ಥೆಯ ಸರ್ವರ್ ಮಾಡುವ ಕೆಲಸವನ್ನು ಇಲ್ಲಿ ಎರಡಾಗಿ ವಿಂಗಡಿಸಲಾಗಿದೆ: ಪ್ಯಾಕೇಜಿನ ಹೆಸರು ಮತ್ತು ಆವೃತ್ತಿಯ ದಾಖಲೆ ಬ್ಲಾಕ್‌ಚೈನ್‌ನಲ್ಲಿ ಇರುತ್ತದೆ, ಕಡತಗಳು ಐಪಿಎಫ್‌ಎಸ್‌ನಂತಹ ವಿಕೇಂದ್ರೀಕೃತ ಸಂಗ್ರಹ ಜಾಲದಲ್ಲಿ ಇರುತ್ತವೆ. 2017ರಲ್ಲಿ ಮೊದಲು ಪ್ರಸ್ತಾಪವಾದ ಈ ವ್ಯವಸ್ಥೆ ವ್ಯಾಪಕ ಬಳಕೆಗೆ ಬರಲಿಲ್ಲ.

ಹಿನ್ನೆಲೆ

ಇಂದಿನ ತಂತ್ರಾಂಶಗಳು ಬಹುಮಟ್ಟಿಗೆ ಇತರರು ಬರೆದಿಟ್ಟ ಸಣ್ಣ ಸಣ್ಣ ಭಾಗಗಳ ಮೇಲೆ ನಿಂತಿವೆ. ಈ ಭಾಗಗಳನ್ನು ಪ್ಯಾಕೇಜ್‌ಗಳೆಂದೂ, ಅವುಗಳ ಹೆಸರು ಮತ್ತು ಆವೃತ್ತಿಗಳ ದಾಖಲೆಯನ್ನು ರಿಜಿಸ್ಟ್ರಿ ಎಂದೂ ಕರೆಯಲಾಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ ಇಂತಹ ರಿಜಿಸ್ಟ್ರಿಗಳಲ್ಲಿ ಅತ್ಯಂತ ದೊಡ್ಡದು. ಅದನ್ನು ನಡೆಸುವುದು ಒಂದು ಕಂಪನಿ. ಯಾವ ಹೆಸರು ಯಾರಿಗೆ ಸೇರಬೇಕು, ಯಾವ ಪ್ಯಾಕೇಜ್ ಉಳಿಯಬೇಕು ಎಂಬ ತೀರ್ಮಾನವೂ ಅದರದ್ದೇ.

ಈ ಅಧಿಕಾರದ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದು 2016ರ ಮಾರ್ಚ್‌ನಲ್ಲಿ ಸ್ಪಷ್ಟವಾಯಿತು. ‘ಕಿಕ್’ ಎಂಬ ಪ್ಯಾಕೇಜ್ ಹೆಸರಿನ ವಿಚಾರದಲ್ಲಿ ಅದೇ ಹೆಸರಿನ ಸಂದೇಶ ಸೇವೆಯ ಕಂಪನಿ ಆಕ್ಷೇಪವೆತ್ತಿತು. ಎನ್‌ಪಿಎಂ ಆ ಹೆಸರನ್ನು ಕಂಪನಿಗೆ ವಹಿಸಿಕೊಡಲು ನಿರ್ಧರಿಸಿತು. ಇದನ್ನು ಪ್ರತಿಭಟಿಸಿ ಅಜೆರ್ ಕೊಚುಲು ತಮ್ಮ ಎಲ್ಲ ಪ್ಯಾಕೇಜ್‌ಗಳನ್ನೂ ಹಿಂತೆಗೆದುಕೊಂಡರು. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಕೂಡ ಒಂದಾಗಿತ್ತು. ಪದದ ಎಡಬದಿಗೆ ಖಾಲಿ ಜಾಗ ತುಂಬುವ, ಕೇವಲ 11 ಸಾಲುಗಳ ಆ ಕೋಡ್ ಇಲ್ಲವಾದ ಕೂಡಲೇ ಬೇಬಲ್‌ನಂತಹ ಪ್ರಮುಖ ಸಾಧನಗಳನ್ನು ಅನುಸ್ಥಾಪಿಸುವುದೇ ಅಸಾಧ್ಯವಾಯಿತು. ಕೊನೆಗೆ ಎನ್‌ಪಿಎಂ ಲೇಖಕರ ಇಚ್ಛೆಗೆ ವಿರುದ್ಧವಾಗಿ ಆ ಪ್ಯಾಕೇಜನ್ನು ಮರುಸ್ಥಾಪಿಸಿತು.

ಒಮ್ಮೆ ಬರೆದದ್ದನ್ನು ಅಳಿಸಲಾಗದ, ಯಾವುದೇ ಒಂದು ಸಂಸ್ಥೆಯ ಹಿಡಿತದಲ್ಲಿಲ್ಲದ ದಾಖಲೆ ಪುಸ್ತಕವಾದ ಬ್ಲಾಕ್‌ಚೈನ್ ಇಂತಹ ಸಂದರ್ಭಕ್ಕೆ ತಕ್ಕ ಉತ್ತರವೆಂದು ಕೆಲವರಿಗೆ ತೋರಿದ್ದು ಸಹಜ.

ಮಾನದಂಡಗಳು

2017ರ ಜನವರಿಯಲ್ಲಿ ಪೈಪರ್ ಮೆರಿಯಮ್, ಟಿಮ್ ಕೌಲ್ಟರ್, ಯೂರಿ ಮಟಿಯಾಸ್ ಮೊದಲಾದವರು ಇಆರ್‌ಸಿ-190 ಎಂಬ ಪ್ರಸ್ತಾವವನ್ನು ಮಂಡಿಸಿದರು. ಈ ಮೂವರೂ ಅನುಕ್ರಮವಾಗಿ ಪಾಪ್ಯುಲಸ್, ಟ್ರಫಲ್, ಎಂಬಾರ್ಕ್ ಎಂಬ ಅಭಿವೃದ್ಧಿ ಸಾಧನಗಳನ್ನು ರೂಪಿಸಿದವರು. ಪ್ಯಾಕೇಜಿನ ವಿವರಪಟ್ಟಿ, ಅಂದರೆ ಮ್ಯಾನಿಫೆಸ್ಟ್, ಹೇಗಿರಬೇಕೆಂದು ಇಆರ್‌ಸಿ-190 ನಿರೂಪಿಸಿತು. ರಿಜಿಸ್ಟ್ರಿಯ ಸ್ವರೂಪವನ್ನು 2018ರ ಇಆರ್‌ಸಿ-1319 ವಿವರಿಸಿತು. 2020ರ ಇಆರ್‌ಸಿ-2678 ಮ್ಯಾನಿಫೆಸ್ಟ್‌ನ ಮೂರನೆಯ ಆವೃತ್ತಿ.

ಮ್ಯಾನಿಫೆಸ್ಟ್ ಎಂಬುದು ಜೆಸನ್ ರೂಪದ ಒಂದು ಕಡತ. ಪ್ಯಾಕೇಜಿನ ಹೆಸರು, ಆವೃತ್ತಿ, ಮೂಲ ಕೋಡ್, ಬಳಸಿದ ಕಂಪೈಲರ್, ಅವಲಂಬಿತ ಪ್ಯಾಕೇಜ್‌ಗಳು ಇದರಲ್ಲಿ ದಾಖಲಾಗುತ್ತವೆ. ಇದನ್ನು ಹೇಗೆ ಬರೆಯಬೇಕೆಂಬ ನಿಯಮ ಬಹಳ ಕಟ್ಟುನಿಟ್ಟಾದದ್ದು: ಕ್ಷೇತ್ರಗಳ ಹೆಸರುಗಳು ಅಕಾರಾದಿಯಲ್ಲಿರಬೇಕು, ಅನಗತ್ಯವಾದ ಒಂದು ಖಾಲಿ ಜಾಗವೂ ಇರಕೂಡದು. ಐಪಿಎಫ್‌ಎಸ್‌ನಲ್ಲಿ ಕಡತದ ವಿಳಾಸವು ಅದರ ಒಳಹುರುಳಿನಿಂದಲೇ ಲೆಕ್ಕಹಾಕಿದ ಹ್ಯಾಶ್ ಆಗಿರುವುದರಿಂದ, ಒಂದು ಅಕ್ಷರ ಬದಲಾದರೂ ವಿಳಾಸ ಬದಲಾಗುತ್ತದೆ. ಹೀಗಾಗಿ ಪಡೆದ ಕಡತವು ಪ್ರಕಟವಾದ ಕಡತವೇ ಹೌದೇ ಎಂಬುದನ್ನು ಬಳಕೆದಾರರು ಯಾರನ್ನೂ ನಂಬದೆ ಸ್ವತಃ ಪರೀಕ್ಷಿಸಿಕೊಳ್ಳಬಹುದು.

ಸಾಮಾನ್ಯ ರಿಜಿಸ್ಟ್ರಿಗಳಲ್ಲಿ ಕಾಣದ ಒಂದು ಅಂಶವೂ ಇಲ್ಲಿದೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಒಮ್ಮೆ ಬ್ಲಾಕ್‌ಚೈನ್‌ಗೆ ಸೇರಿದ ಮೇಲೆ ಅದೇ ಪ್ರತಿಯನ್ನು ಅನೇಕರು ಬಳಸಬಹುದು. ಪ್ರತಿಯೊಬ್ಬರೂ ಕೋಡನ್ನು ನಕಲಿಸಿಕೊಳ್ಳಬೇಕಿಲ್ಲ. ಆದುದರಿಂದ ಕಾಂಟ್ರ್ಯಾಕ್ಟ್ ಯಾವ ಸರಪಳಿಯಲ್ಲಿ ಯಾವ ವಿಳಾಸದಲ್ಲಿದೆ ಎಂಬುದನ್ನೂ ಮ್ಯಾನಿಫೆಸ್ಟ್ ಹೇಳಬಲ್ಲದು. ಮುಖ್ಯ ಸರಪಳಿ ಮತ್ತು ಪರೀಕ್ಷಾ ಸರಪಳಿಗಳ ನಡುವೆ ಗೊಂದಲವಾಗದಂತೆ ಸರಪಳಿಯನ್ನು ಅದರ ಮೊದಲ ಬ್ಲಾಕ್‌ನ ಹ್ಯಾಶ್ ಮತ್ತು ನಂತರದ ಒಂದು ಬ್ಲಾಕ್‌ನ ಹ್ಯಾಶ್‌ಗಳಿಂದ ಗುರುತಿಸಲಾಗುತ್ತದೆ.

ರಿಜಿಸ್ಟ್ರಿಯೂ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್. ಹೆಸರು, ಆವೃತ್ತಿ ಮತ್ತು ಮ್ಯಾನಿಫೆಸ್ಟ್‌ನ ವಿಳಾಸಗಳನ್ನು ಒಟ್ಟಿಗೆ ದಾಖಲಿಸುವುದು ಅದರ ಕೆಲಸ. ಆರಂಭದಲ್ಲಿ ಎಥ್‌ಪಿಎಂಗೆ ಇದ್ದದ್ದು ಒಂದೇ ರಿಜಿಸ್ಟ್ರಿ. ಅದು ಕೇಂದ್ರೀಕೃತವಾದದ್ದೆಂದು ಇಆರ್‌ಸಿ-1319 ಸ್ವತಃ ಒಪ್ಪಿಕೊಂಡು, ಯಾರು ಬೇಕಾದರೂ ತಮ್ಮದೇ ರಿಜಿಸ್ಟ್ರಿಯನ್ನು ಸ್ಥಾಪಿಸಬಹುದಾದ ವ್ಯವಸ್ಥೆಯನ್ನು ಮುಂದಿಟ್ಟಿತು. ಯಾರಿಗೆ ಪ್ರಕಟಿಸುವ ಹಕ್ಕಿದೆ ಎಂಬುದನ್ನು ಆಯಾ ರಿಜಿಸ್ಟ್ರಿಯ ನಿಯಮಕ್ಕೆ ಬಿಡಲಾಯಿತು.

ಮಿತಿಗಳು

ಪ್ಯಾಕೇಜ್ ಹೆಸರು ಒಂದು ರಿಜಿಸ್ಟ್ರಿಯ ಒಳಗಷ್ಟೇ ಅನನ್ಯವಾಗಿರುತ್ತದೆ. ಎರಡು ರಿಜಿಸ್ಟ್ರಿಗಳಲ್ಲಿ ಒಂದೇ ಹೆಸರಿನ ಬೇರೆ ಬೇರೆ ಪ್ಯಾಕೇಜ್‌ಗಳಿರಬಹುದು. ‘ಕಿಕ್’ನಂತಹ ವಿವಾದ ಇದರಿಂದ ಬಗೆಹರಿಯುವುದಿಲ್ಲ; ಯಾವ ರಿಜಿಸ್ಟ್ರಿಯನ್ನು ನಂಬಬೇಕು ಎಂಬ ಪ್ರಶ್ನೆಯಾಗಿ ರೂಪ ಬದಲಿಸುತ್ತದೆ, ಅಷ್ಟೆ.

ಶಾಶ್ವತತೆಯ ಭರವಸೆಯೂ ಅರ್ಧ ಮಾತ್ರ ನಿಜ. ಬ್ಲಾಕ್‌ಚೈನ್‌ನಲ್ಲಿ ಉಳಿಯುವುದು ವಿಳಾಸವೇ ಹೊರತು ಕಡತವಲ್ಲ. ಐಪಿಎಫ್‌ಎಸ್‌ನಲ್ಲಿ ಕನಿಷ್ಠ ಒಂದು ಗಣಕವಾದರೂ ಕಡತವನ್ನು ಇಟ್ಟುಕೊಂಡಿರದಿದ್ದರೆ ದಾಖಲೆ ಇದ್ದೂ ಪ್ಯಾಕೇಜ್ ದೊರೆಯುವುದಿಲ್ಲ.

ಇನ್ನೂ ಗಂಭೀರವಾದದ್ದು ದುರುದ್ದೇಶದ ಕೋಡ್‌ನ ಸಮಸ್ಯೆ. 2018ರಲ್ಲಿ ಎನ್‌ಪಿಎಂನ ‘ಈವೆಂಟ್-ಸ್ಟ್ರೀಮ್’ ಪ್ಯಾಕೇಜಿನ ಹೊಣೆಯನ್ನು ಪಡೆದುಕೊಂಡ ಅಪರಿಚಿತ ವ್ಯಕ್ತಿಯೊಬ್ಬರು ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್‌ನಿಂದ ಹಣ ಕದಿಯುವ ಕೋಡನ್ನು ಅದರ ಮೂಲಕ ಸೇರಿಸಿದ್ದರು. ಪ್ರಕಟಿಸಿದವರಿಗೆ ಹಕ್ಕಿತ್ತು, ಕಡತ ದಾರಿಯಲ್ಲಿ ಬದಲಾಗಿರಲಿಲ್ಲ. ಹ್ಯಾಶ್ ಪರೀಕ್ಷೆಯಿಂದ ಇಂಥದ್ದು ಬಯಲಾಗದು. ಎನ್‌ಪಿಎಂ ಅಪಾಯಕಾರಿ ಪ್ಯಾಕೇಜನ್ನು ತೆಗೆದುಹಾಕಿತು. ಲೆಫ್ಟ್-ಪ್ಯಾಡ್ ಕಾಲದಲ್ಲಿ ದೋಷವಾಗಿ ಕಂಡ ಅಳಿಸುವ ಅಧಿಕಾರ ಇಲ್ಲಿ ರಕ್ಷಣೆಯಾಗಿತ್ತು.

ಬಳಕೆ

ಟ್ರಫಲ್, ಬ್ರೌನಿ ಮತ್ತು ವೆಬ್3.ಪೈ ಸಾಧನಗಳು ಎಥ್‌ಪಿಎಂಗೆ ಬೆಂಬಲ ನೀಡಿದ್ದವು. ಆದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಯುವವರಿಗೆ ಎನ್‌ಪಿಎಂ ಆಗಲೇ ಪರಿಚಿತವಾಗಿತ್ತು. ಬಹುಬಳಕೆಯ ಓಪನ್‌ಜೆಪ್ಪೆಲಿನ್ ಸಂಗ್ರಹ ಅಲ್ಲಿಯೇ ದೊರೆಯುತ್ತಿತ್ತು. ಎನ್‌ಪಿಎಂನಲ್ಲಿ ಪ್ರಕಟಿಸಲು ಶುಲ್ಕವಿಲ್ಲ, ಬ್ಲಾಕ್‌ಚೈನ್‌ನಲ್ಲಿ ಪ್ರತಿ ದಾಖಲೆಗೂ ಗ್ಯಾಸ್ ಶುಲ್ಕ ತೆರಬೇಕು. ನಂತರ ಬಂದ ಫೌಂಡ್ರಿ ಸಾಧನ ಗಿಟ್ ಸಬ್‌ಮಾಡ್ಯೂಲ್‌ಗಳನ್ನು ಆಯ್ದುಕೊಂಡಿತು. ಟ್ರಫಲ್ ಅನ್ನು ನಿಲ್ಲಿಸುವುದಾಗಿ 2023ರಲ್ಲಿ ಕನ್ಸೆನ್‌ಸಿಸ್ ಪ್ರಕಟಿಸಿತು. ವೆಬ್3.ಪೈ ತನ್ನ 7ನೇ ಆವೃತ್ತಿಯಲ್ಲಿ ಎಥ್‌ಪಿಎಂ ಭಾಗವನ್ನು ಕೈಬಿಟ್ಟಿತು.

ಸಂಬಂಧಿತ ಯೋಜನೆ

ಹೋಮ್‌ಬ್ರೂ ಪ್ಯಾಕೇಜ್ ನಿರ್ವಾಹಕದ ಕರ್ತೃ ಮ್ಯಾಕ್ಸ್ ಹೋವೆಲ್ ಆರಂಭಿಸಿದ ‘ಟೀ’ ಯೋಜನೆಯದು ಬೇರೆ ದಾರಿ. ಪ್ಯಾಕೇಜ್‌ಗಳ ಪರಸ್ಪರ ಅವಲಂಬನೆಯನ್ನು ಅಳೆದು, ಮುಕ್ತ ತಂತ್ರಾಂಶ ಬರೆಯುವವರಿಗೆ ಬ್ಲಾಕ್‌ಚೈನ್ ಟೋಕನ್ ರೂಪದಲ್ಲಿ ಪ್ರತಿಫಲ ನೀಡುವುದು ಅದರ ಉದ್ದೇಶ. ಪ್ರತಿಫಲದ ಆಸೆಗೆ ನಿರುಪಯುಕ್ತ ಪ್ಯಾಕೇಜ್‌ಗಳನ್ನು ರಾಶಿರಾಶಿಯಾಗಿ ಪ್ರಕಟಿಸುವ ಪ್ರವೃತ್ತಿ 2024ರಿಂದ ಕಂಡುಬಂದಿತು. ಇಂತಹ 1,50,000ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನು ಪತ್ತೆಹಚ್ಚಿರುವುದಾಗಿ 2025ರ ನವೆಂಬರ್‌ನಲ್ಲಿ ಅಮೆಜಾನ್‌ನ ಭದ್ರತಾ ಸಂಶೋಧಕರು ವರದಿ ಮಾಡಿದರು. ಅವು ಬಂದು ತುಂಬಿದ್ದು ಎನ್‌ಪಿಎಂನಲ್ಲಿ.